ಹೆದರಿಸುವ ಪುಸ್ತಕ ಯಾರಿಗೆ?

ಹೆದರಿಕೆಯನ್ನು ಹಣ ಕೊಟ್ಟು ಕೊಳ್ಳುವ ಪ್ರಾಣಿ ಮನುಷ್ಯನೊಬ್ಬನೇ ಇರಬೇಕು. ಕತ್ತಲಲ್ಲಿ ಹಿತ್ತಲ ಕಡೆಗೆ ಹೋಗಲು ಅಂಜುವವನೇ ದೀಪದ ಕೆಳಗೆ ಕುಳಿತು ದೆವ್ವದ ಕತೆಯನ್ನು ಓದುತ್ತಾನೆ. ಮುಗಿದೊಡನೆ ಇನ್ನೊಂದು ಬೇಕೆನ್ನುತ್ತಾನೆ. ನಮ್ಮ ಹಿರಿಯರಿಗೆ ಇದು ವಿಚಿತ್ರವೆಂದು ತೋರಿರಲಿಲ್ಲ. ಭರತಮುನಿ ನಾಟ್ಯಶಾಸ್ತ್ರದಲ್ಲಿ ಎಣಿಸಿರುವ ಎಂಟು ರಸಗಳಲ್ಲಿ ಭಯಾನಕವೂ ಒಂದು. ಬಾಳಿನಲ್ಲಿ ಬೇಡವಾದ ಭಯ ಕಾವ್ಯದಲ್ಲಿ ರಸವಾಗುವುದು, ‘ಇದು ನನ್ನ ಮನೆಯ ಸಂಗತಿಯಲ್ಲ’ ಎಂಬ ಅರಿವು ಓದುಗನಲ್ಲಿ ಉಳಿದಿರುವ ತನಕ ಮಾತ್ರ. ಆ ಅರಿವು ಎಲ್ಲರಲ್ಲಿಯೂ ಒಂದೇ ಪ್ರಮಾಣದಲ್ಲಿ ಇರುವುದಿಲ್ಲವೆಂಬುದನ್ನು ನಾನು ಕಲಿತದ್ದು ಶಾಸ್ತ್ರದಿಂದಲ್ಲ, ಪುಸ್ತಕ ಕೊಡುವ ಕೆಲಸದಿಂದ.

ಚಿಕ್ಕ ಊರೊಂದರ ಕಾಲೇಜಿನಲ್ಲಿ ನಾನು ಬಹುಕಾಲ ಗ್ರಂಥಪಾಲಕನಾಗಿದ್ದೆ. “ಚೆನ್ನಾಗಿ ಹೆದರಿಸುವಂಥದು ಏನಾದರೂ ಇದ್ದರೆ ಕೊಡಿ, ಸ್ವಾಮಿ” ಎಂದು ಬರುವವರಿಗೆ ಅಲ್ಲಿ ಕೊರತೆಯಿರಲಿಲ್ಲ. ಮೊದಮೊದಲು, ಹೆಚ್ಚು ಹೆದರಿಸುವ ಪುಸ್ತಕವೇ ಹೆಚ್ಚು ಒಳ್ಳೆಯದೆಂದು ತಿಳಿದು ಎಲ್ಲರಿಗೂ ಒಂದೇ ಕಪಾಟನ್ನು ತೋರಿಸುತ್ತಿದ್ದೆ. ಕ್ರಮೇಣ, ಪುಸ್ತಕಕ್ಕಿಂತ ಮೊದಲು ಕೇಳಿದವರ ಮುಖವನ್ನು ನೋಡಬೇಕೆಂದು ತಿಳಿಯಿತು.

ಮಕ್ಕಳಿಗೆ ಬೇತಾಳನ ಕತೆಗಳಿಗಿಂತ ಉತ್ತಮವಾದದ್ದನ್ನು ನಾನು ಇಂದಿಗೂ ಕಂಡಿಲ್ಲ. ನಡುರಾತ್ರಿ, ಸ್ಮಶಾನ, ಮರದಲ್ಲಿ ನೇತಾಡುವ ಹೆಣ, ಆ ಹೆಣವನ್ನು ಹೆಗಲಿಗೇರಿಸಿಕೊಂಡ ರಾಜ: ಸಾಮಗ್ರಿಯೆಲ್ಲ ಘೋರವಾದುದೇ. ಆದರೆ ಪ್ರತಿ ಕತೆಯ ಕೊನೆಯಲ್ಲಿಯೂ ಬೇತಾಳ ಒಂದು ಪ್ರಶ್ನೆ ಕೇಳುತ್ತಾನೆ. ನಡುಗುತ್ತಿದ್ದ ಮಗು ನ್ಯಾಯ ಯಾವ ಕಡೆಗಿದೆಯೆಂದು ಯೋಚಿಸತೊಡಗುತ್ತದೆ. ಯೋಚಿಸುವಾಗ ಹೆದರಿಕೆಗೆ ಬಿಡುವಿರುವುದಿಲ್ಲ. ಮಗುವಿಗೆ ಕೊಡುವ ಭಯದಲ್ಲಿ ಹೊರಗೆ ಬರುವ ದಾರಿಯೂ ಇರಬೇಕು.

ದೆವ್ವವೆಂದರೆ ನಗುವ ತರುಣರಿಗೆ ದೆವ್ವದ ಕತೆ ನಾಟುವುದಿಲ್ಲ. ಅವರಿಗೆ ನಾನು ಕೊಡುತ್ತಿದ್ದದ್ದು ಬೆಂಗಳೂರಿನಲ್ಲಿ ನೆಲೆಸಿದ್ದ ಕೆನೆತ್ ಆಂಡರ್ಸನ್ನನ ನರಭಕ್ಷಕಗಳ ಅನುಭವಗಳನ್ನು; ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದ ಮೇಲಂತೂ ಕೊಡುವುದು ಸುಲಭವಾಯಿತು. ಹುಲಿಯನ್ನು ನಂಬುವುದಿಲ್ಲವೆಂದು ಹೇಳಲು ಯಾವ ವಿಚಾರವಾದಿಗೂ ಬಾರದು.

ತಾಲ್ಲೂಕು ಕಚೇರಿಯ ಗುಮಾಸ್ತರೊಬ್ಬರು ನನ್ನ ಸ್ನೇಹಿತರು. ದೆವ್ವ ಉಂಟೆನ್ನುವುದಕ್ಕೆ ದಾಖಲೆ ಏನಿದೆ ಎಂಬುದು ಅವರ ವಾದ. ಅವರಿಗೆ ಬ್ರಾಮ್ ಸ್ಟೋಕರ್ 1897ರಲ್ಲಿ ಪ್ರಕಟಿಸಿದ ‘ಡ್ರಾಕುಲಾ’ವನ್ನು ಕೊಟ್ಟೆ. ಆ ಕಾದಂಬರಿ ಸಾಗುವುದೇ ದಿನಚರಿ, ಪತ್ರ, ತಂತಿ, ಪತ್ರಿಕೆಯ ತುಣುಕುಗಳಲ್ಲಿ. ಆರಂಭವಾಗುವುದು ಮನೆಯೊಂದರ ಕ್ರಯದ ವ್ಯವಹಾರಕ್ಕೆ ಹೊರಟ ವಕೀಲನ ಪ್ರಯಾಣದಿಂದ. ವಾರದ ಮೇಲೆ ಅವರು ಬಂದು, “ದಾಖಲೆಯೆಲ್ಲ ಕ್ರಮವಾಗಿಯೇ ಇದೆ, ರಾಯರೇ. ತೊಂದರೆ ಅದೇ” ಎಂದರು.

ಇಂಥ ಪುಸ್ತಕಗಳೆಲ್ಲ ಕೀಳು ಅಭಿರುಚಿಯವೆನ್ನುವ ಸಾಹಿತ್ಯಪ್ರಿಯರೂ ಇದ್ದರು. ಅವರಿಗೆ ಜನ್ನನ ‘ಯಶೋಧರ ಚರಿತೆ’ಯನ್ನು ನೆನಪಿಸುತ್ತಿದ್ದೆ. 1209ರ ಆ ಕಾವ್ಯದ ಚಂಡಮಾರಿಯ ಗುಡಿ ಭೀಕರವಾದುದೇ. ಆದರೆ ನನ್ನನ್ನು ನಡುಗಿಸುವುದು ಹಿಟ್ಟಿನ ಕೋಳಿ. ಜೀವಹಿಂಸೆಗೆ ಒಪ್ಪದ ಯಶೋಧರ ತಾಯಿಯ ಒತ್ತಾಯಕ್ಕೆ ಹಿಟ್ಟಿನ ಕೋಳಿಯನ್ನು ಕಡಿದರೆ, ಆ ಹಿಟ್ಟು ಕೂಗಿಕೊಳ್ಳುತ್ತದೆ. ಕೈ ಮಾಡದಿದ್ದರೂ ಮನಸ್ಸು ಮಾಡಿದ ಕೊಲೆ ತಾಯಿಮಗನನ್ನು ಜನ್ಮಜನ್ಮಗಳಲ್ಲಿ ಅಟ್ಟಿಕೊಂಡು ಬರುತ್ತದೆ. ಅದರ ಮುಂದೆ ರಕ್ತಪಿಪಾಸುಗಳ ಕತೆ ಸಪ್ಪೆಯೇ.

ಇಷ್ಟೆಲ್ಲ ತಿಳಿದೆನೆಂದು ಹೆಮ್ಮೆಪಡುತ್ತಿದ್ದ ಕಾಲದಲ್ಲಿಯೇ ನನ್ನಿಂದ ಒಂದು ತಪ್ಪು ನಡೆದುಹೋಯಿತು.

ನಮ್ಮಲ್ಲಿ ಗಣಿತ ಕಲಿಸುತ್ತಿದ್ದ ಹಿರಿಯರೊಬ್ಬರು ಒಂದು ಸಂಜೆ ಬಂದು, “ರಾತ್ರಿ ನಿದ್ದೆ ಹತ್ತುವುದಿಲ್ಲ. ಮನಸ್ಸನ್ನು ಬೇರೆ ಕಡೆಗೆ ಎಳೆಯುವಂಥದು ಕೊಡಿ, ಪತ್ತೇದಾರಿಯಾಗಲಿ, ದೆವ್ವದ್ದಾಗಲಿ” ಎಂದರು. ಅವರ ಒಬ್ಬನೇ ಮಗ ರಸ್ತೆ ಅಪಘಾತದಲ್ಲಿ ತೀರಿಕೊಂಡು ಆಗತಾನೇ ವರ್ಷ ತುಂಬಿತ್ತು. ಅದು ನನಗೆ ತಿಳಿದಿತ್ತು. ತಿಳಿದಿದ್ದೂ, ಬಾಗಿಲು ಹಾಕುವ ಆತುರದಲ್ಲಿ ಕೈಗೆ ಸಿಕ್ಕ ಇಂಗ್ಲಿಷ್ ಕತೆಗಳ ಸಂಗ್ರಹವೊಂದನ್ನು ಕೊಟ್ಟುಬಿಟ್ಟೆ. ಅದರಲ್ಲಿ ಡಬ್ಲ್ಯು. ಡಬ್ಲ್ಯು. ಜೇಕಬ್ಸ್ ಬರೆದ ‘ಕೋತಿಯ ಪಂಜ’ ಇತ್ತು.

1902ರಲ್ಲಿ ಪ್ರಕಟವಾದ ಈ ಕತೆ ನಿಮ್ಮಲ್ಲಿ ಹಲವರಿಗೆ ಗೊತ್ತಿರಬಹುದು. ಇಂಡಿಯಾದಿಂದ ಮರಳಿದ ಸೈನಿಕನೊಬ್ಬ ತಂದ ಒಣಗಿದ ಪಂಜ ಮೂರು ವರಗಳನ್ನು ಕೊಡುತ್ತದೆ. ಮುದುಕನೊಬ್ಬ ಇನ್ನೂರು ಪೌಂಡ್ ಕೇಳುತ್ತಾನೆ; ಮಗ ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ ಸತ್ತು, ಪರಿಹಾರವಾಗಿ ಅಷ್ಟೇ ಹಣ ಮನೆಗೆ ಬರುತ್ತದೆ. ತಾಯಿ ಎರಡನೆಯ ವರದಿಂದ ಮಗನನ್ನು ಬದುಕಿಸೆಂದು ಹಟ ಹಿಡಿಯುತ್ತಾಳೆ. ರಾತ್ರಿ ಬಾಗಿಲು ಬಡಿಯುವ ಸದ್ದು. ಆಕೆ ಅಗುಳಿ ತೆಗೆಯುವಷ್ಟರಲ್ಲಿ ತಂದೆ ಮೂರನೆಯ ವರ ಕೇಳುತ್ತಾನೆ. ತೆರೆದ ಬಾಗಿಲಾಚೆ ಬರಿಯ ಬೀದಿ.

ಹದಿನೈದು ದಿನಗಳ ಮೇಲೆ ಅವರು ಪುಸ್ತಕವನ್ನು ಮೇಜಿನ ಮೇಲಿಟ್ಟು ಮೆಲ್ಲನೆ ಹೇಳಿದರು: “ಈ ಕತೆಯನ್ನು ನಮ್ಮ ಮನೆಯವಳಿಗೂ ಕನ್ನಡದಲ್ಲಿ ಹೇಳಿದೆ. ಬಾಗಿಲು ಬಡಿಯುವ ಕಡೆ ಹೇಳುವ ನನಗೇ ಮೈ ನಡುಗಿತು. ಅವಳಿಗೆ ಅಲ್ಲಿ ಏನೂ ಭಯವಾಗಲಿಲ್ಲ. ಗಂಡ ಮೂರನೆಯ ವರ ಕೇಳಿಬಿಟ್ಟನಲ್ಲ, ಅಲ್ಲಿ ಅತ್ತಳು. ಆ ರಾತ್ರಿ ಬೀದಿಬಾಗಿಲಿಗೆ ಅಗುಳಿ ಹಾಕಲು ಬಿಡಲಿಲ್ಲ, ರಾಯರೇ.”

ನಾನು ಏನೋ ತೊದಲಿದೆ. “ನೀವೇನು ಮಾಡುತ್ತೀರಿ, ಕೇಳಿದವನು ನಾನು” ಎಂದು ಅವರೇ ನನ್ನನ್ನು ಸಮಾಧಾನಪಡಿಸಿ, ಪುಸ್ತಕ ಮರಳಿಸಿದ್ದಕ್ಕೆ ಸಹಿ ಹಾಕಿ ಹೋದರು.

ಒಂದೇ ಮನೆ, ಒಂದೇ ಕತೆ. ಹೊರಗಿರುವುದು ಒಳಗೆ ಬಂದೀತೆಂದು ತಂದೆಗೆ ಭಯ. ಬರಲಾರದೆ ಹೋದೀತೆಂದು ತಾಯಿಗೆ ಭಯ. ಜೇಕಬ್ಸ್ ಬರೆದದ್ದು ಎರಡನ್ನೂ. ಅವನ ಕತೆಯ ಶಕ್ತಿ ಅದರಲ್ಲಿಯೇ ಇದೆ, ಅದು ಅವರಿಬ್ಬರಿಗೆ ಸಲ್ಲದ ಕತೆಯಾದದ್ದೂ ಅದರಿಂದಲೇ. ಪುಸ್ತಕದ ಭಯವನ್ನು ಅಳೆದು ಕೊಡಬಹುದು. ಓದುಗ ಮನೆಯಿಂದ ತಂದ ಭಯಕ್ಕೆ ಅಳತೆಯಿಲ್ಲ. ಎರಡೂ ಸೇರಿದಾಗ ರಸವೆಂಬ ಮಾತಿಗೆ ಅಲ್ಲಿ ಎಡೆಯಿರುವುದಿಲ್ಲ.

ಅಂದಿನಿಂದ ಆ ಸಂಗ್ರಹವನ್ನು ನಾನು ಬಚ್ಚಿಡಲಿಲ್ಲ. ಒಳ್ಳೆಯ ಕತೆಗೆ ಆ ಶಿಕ್ಷೆ ಸಲ್ಲದು. ಆದರೆ ಹೆದರಿಸುವ ಪುಸ್ತಕ ಬೇಕೆಂದು ಯಾರೇ ಬಂದರೂ ಕುರ್ಚಿ ತೋರಿಸಿ, ಮನೆಯಲ್ಲಿ ಎಲ್ಲರೂ ಹೇಗಿದ್ದಾರೆಂದು ಮೊದಲು ವಿಚಾರಿಸುತ್ತಿದ್ದೆ. ಗ್ರಂಥಪಾಲಕರು ಬಹಳ ಮಾತುಗಾರರೆಂದು ಊರಿನಲ್ಲಿ ಒಂದು ಹೆಸರು ಬಂತು. ಬಂದರೆ ಬರಲಿ ಎಂದುಕೊಂಡೆ.