ಲೋಟದ ಮೇಲಿನ ಕೆಂಪು ಗೆರೆ

ಫೋಟೋ ಬಗ್ಗೆ ನಾಲ್ಕು ಮಾತು ಹೇಳು ಅಂದಿದ್ದಾರೆ. ನಾನು ಗ್ಯಾರೇಜಿನವ, ಕ್ಯಾಮೆರಾ ಅಂದರೆ ನನ್ನ ಮೊಬೈಲೇ. ತಪ್ಪಿದ್ದರೆ ತಿದ್ದಿ.

ಪರದೆ ಮೇಲಿರುವುದು ರಾಯ್‌ನ ನಮ್ಮ ವರ್ಕ್‌ಶಾಪಿನ ಕಿಟಕಿ ಪಕ್ಕದ ಮೇಜು. ನೀಲಿ ತಟ್ಟೆಯಲ್ಲಿ ಒಂದು ಖುಬ್ಬೂಸ್, ಅರ್ಧ ಈರುಳ್ಳಿ, ಒಂದು ನಿಂಬೆ. ಪಕ್ಕದಲ್ಲಿ ಊರಿಂದ ತಂದ ಸ್ಟೀಲ್ ಲೋಟ. ತಟ್ಟೆ ಇಲ್ಲೇ ಶುಕ್ರವಾರದ ಸಂತೆಯದ್ದು, ಹಳೇ ಮಾಲು. ಇಂಥದ್ದಕ್ಕೆ ಸ್ಟಿಲ್ ಲೈಫ್ ಅಂತಾರೆ. ಇಂಗ್ಲೆಂಡಿನ ಫಾಕ್ಸ್ ಟಾಲ್ಬಟ್ 1844ರಲ್ಲೇ ಬಾಗಿಲಿಗೆ ಒರಗಿಸಿದ ಪೊರಕೆಯ ಫೋಟೋ ತೆಗೆದಿದ್ದ. ಪೊರಕೆಗೆ ಆ ಮರ್ಯಾದೆ ಸಿಕ್ಕಿದ ಮೇಲೆ ಈರುಳ್ಳಿಗೇಕೆ ಬೇಡ?

ಬಣ್ಣ ನೋಡಿ. ಚಿತ್ರಕಾರರ ಬಣ್ಣದ ಚಕ್ರದಲ್ಲಿ ನೀಲಿಗೆ ಎದುರು ಕಿತ್ತಳೆ, ಹಳದಿಗೆ ಎದುರು ನೇರಳೆ. ಎದುರುಬದುರಿನ ಬಣ್ಣ ಪಕ್ಕಪಕ್ಕ ಬಂದರೆ ಎರಡೂ ಎದ್ದು ಕಾಣ್ತವೆ. ಇಲ್ಲಿ ನೀಲಿ ತಟ್ಟೆಗೆ ಸುಟ್ಟ ಖುಬ್ಬೂಸಿನ ಕಂದು-ಕಿತ್ತಳೆ. ನಿಂಬೆಯ ಹಳದಿಗೆ ಈರುಳ್ಳಿ ಸಿಪ್ಪೆಯ ನೇರಳೆ. ಅವತ್ತು ಹೊರಗೆ ಧೂಳು ಮುಸುಕಿತ್ತು. ಬಿಸಿಲು ಧೂಳಲ್ಲಿ ಚದುರಿ ಬಂದದ್ದರಿಂದ ನೆರಳಿಗೆ ಗಡುಸು ಅಂಚಿಲ್ಲ. ಟ್ಯೂಬ್‌ಲೈಟ್ ಆರಿಸಿದ್ದೆ, ಇಲ್ಲದಿದ್ದರೆ ಸ್ಟೀಲು ಹಸಿರು ಹೊಡೀತದೆ. ಸ್ಟೀಲಿಗೆ ಸ್ವಂತ ಬಣ್ಣ ಕಡಿಮೆ, ಪಕ್ಕದವರದ್ದನ್ನೇ ತೋರಿಸ್ತದೆ. ಇದನ್ನು ನೆನಪಿಡಿ.

ಇನ್ನು ಜೋಡಣೆ. ತಟ್ಟೆ ಎಡಕ್ಕೆ, ಲೋಟ ಬಲದ ಅಂಚಿಗೆ. ಲೋಟದ ಆಚೆ ಜಾಗವೇ ಇಲ್ಲ, ಸ್ವಲ್ಪ ಉಸಿರು ಕಟ್ಟಿದ ಹಾಗಿದೆ, ಅಲ್ವಾ? ಅಲ್ಲಿ ನಾನು ಕ್ರಾಪ್ ಮಾಡಿದ್ದೆ. ಕೆಂಪು ಅಕ್ಷರದ ಮಾತ್ರೆ ಹಾಳೆಯೊಂದು ಬಿದ್ದಿತ್ತು, ನನ್ನ ಬಿ.ಪಿ. ಮಾತ್ರೆ. ಕೆಂಪು ಕಣ್ಣನ್ನು ಎಳೆಯುತ್ತದೆ, ಚಿತ್ರ ಕೆಡ್ತದೆ ಅಂತ ತೆಗೆದೆ ಅಂದರೆ ಅರ್ಧ ಸುಳ್ಳು. ಚಿತ್ರ ಅಮ್ಮನಿಗೆ ಕಳಿಸುವುದಿತ್ತು. ಎಂಟು ತಿಂಗಳಿಂದ ಮಾತ್ರೆ ತಗೊಳ್ತಿದ್ದೆ, ಮನೆಯಲ್ಲಿ ಹೇಳಿರಲಿಲ್ಲ. ಇಲ್ಲಿ ಕೂತವರಲ್ಲೂ ಹೀಗೆ ಹೇಳದವರಿದ್ದಾರೆ, ನನಗೆ ಗೊತ್ತು.

ಮೈಸೂರಿನ ಟಿ.ಎಸ್. ಸತ್ಯನ್ ಅವರ ಕಪ್ಪುಬಿಳುಪು ಚಿತ್ರಗಳೆಂದರೆ ನನಗೆ ಹುಚ್ಚು. ಹಾಗಾಗಿ ಜೋಡಣೆ ಸರಿಯಿದೆಯಾ ಎಂದು ಬಣ್ಣ ತೆಗೆದೇ ನೋಡುವ ಅಭ್ಯಾಸ. ಬಣ್ಣ ಹೋದರೆ ಕೆಂಪು, ನೀಲಿ ಎರಡೂ ಬೂದಿಯೇ. ಎಲ್ಲ ಸರಿಯಿದೆ ಅಂದುಕೊಂಡು ಬಣ್ಣದ್ದನ್ನು ಕಳಿಸಿದೆ.

ಕುಂದಾಪುರದ ಕಡೆಯ ನಮ್ಮ ಮನೆಯಲ್ಲಿ ಅಮ್ಮ ಫೋಟೋ ದೊಡ್ಡದು ಮಾಡಿ ನೋಡಿದ್ದು ಬಣ್ಣಕ್ಕಲ್ಲ, ಲೋಟದ ಮೇಲೆ ಕೊರೆಸಿದ ಅಪ್ಪನ ಹೆಸರು ಕಾಣ್ತದಾ ಅಂತ. ಹೆಸರಿನ ಪಕ್ಕದಲ್ಲೇ ಒಂದು ಸಪೂರ ಕೆಂಪು ಗೆರೆ. ಲೋಟದ ಗುಂಡು ಮೈ ಆ ಮಾತ್ರೆ ಹಾಳೆಯನ್ನು ಹಿಂಡಿ ಉದ್ದ ಗೆರೆ ಮಾಡಿ ತೋರಿಸಿತ್ತು. ಫೋನ್ ಬಂತು: "ಲೋಟದ್ ಮೇಲೆ ಕೆಂಪ್ ಕಾಂತತ್ತಲ ಮಗಾ, ಅದ್ ಎಂತ?"

ಏನೋ ಪ್ರತಿಬಿಂಬ ಅಂದೆ. "ಎಂತದರದ್ದು?" ಅಂದರು. ಹೇಳಲೇಬೇಕಾಯ್ತು.

ಮುಂದಿನ ಸ್ಲೈಡ್ ಹಾಕಿ. ಇದು ಕತ್ತರಿಸದ ಚಿತ್ರ. ಕಣ್ಣು ಮೊದಲು ಮಾತ್ರೆಗೇ ಹೋಗ್ತದೆ, ಆಮೇಲೆ ಲೋಟದ ಗೆರೆಗೆ, ಅಲ್ಲಿಂದ ತಟ್ಟೆಗೆ. ಬಲಕ್ಕೆ ಈಗ ಜಾಗವೂ ಇದೆ. ನಿಂಬೆ ಮಾತ್ರ ಸ್ವಲ್ಪ ಮಂಕಾಯ್ತು. ಅಮ್ಮನ ಮೊಬೈಲಿನಲ್ಲಿರುವುದು ಈಗ ಇದೇ.