ಡೇರಿ ಸಂಘದಿಂದ ಆರೋಗ್ಯ ಕಾರ್ಡಿನವರೆಗೆ



ಮನೆಯಲ್ಲಿ ಯಾರಿಗಾದರೂ ದೊಡ್ಡ ಆಪರೇಷನ್ ಆಗಬೇಕೆಂದರೆ ಎಮ್ಮೆ ಮಾರಬೇಕು, ಅದೂ ಸಾಲದಿದ್ದರೆ ಹೊಲ ಅಡವಿಡಬೇಕು. ಕರ್ನಾಟಕದ ಹಳ್ಳಿಗಳಲ್ಲಿ ಬಹುಕಾಲ ನಡೆದುಬಂದ ಲೆಕ್ಕ ಇದು. ಅಡವಿಡಲು ಹೊಲವೂ ಇಲ್ಲದವರು ಕಾಯಿಲೆಯನ್ನು ಹೊತ್ತುಕೊಂಡೇ ದಿನ ದೂಡುತ್ತಿದ್ದರು. ಈ ಲೆಕ್ಕವನ್ನು ಬದಲಿಸುವ ಮೊದಲ ದೊಡ್ಡ ಪ್ರಯತ್ನ ಶುರುವಾದದ್ದು ಸಹಕಾರ ಸಂಘಗಳ ಮೂಲಕ.

ಹೃದ್ರೋಗ ತಜ್ಞ ಡಾ. ದೇವಿ ಶೆಟ್ಟಿ ಅವರ ಕಲ್ಪನೆಯಿಂದ, ಸಹಕಾರ ಸಂಘಗಳ ಸದಸ್ಯರಿಗಾಗಿ ಹುಟ್ಟಿದ ಯಶಸ್ವಿನಿ ಯೋಜನೆಗೆ 2002ರ ನವೆಂಬರ್ 14ರಂದು ಆಗಿನ ಮುಖ್ಯಮಂತ್ರಿ ಎಸ್.ಎಂ. ಕೃಷ್ಣ ಚಾಲನೆ ಕೊಟ್ಟರು. 2003ರ ಜೂನ್ 1ರಿಂದ ಚಿಕಿತ್ಸೆ ಆರಂಭವಾಯಿತು. ವಂತಿಗೆ ಒಬ್ಬರಿಗೆ ವರ್ಷಕ್ಕೆ 60 ರೂಪಾಯಿ, ಅಂದರೆ ತಿಂಗಳಿಗೆ ಐದೇ ರೂಪಾಯಿ. ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿಕೊಂಡರು. ಒಂದು ಶಸ್ತ್ರಚಿಕಿತ್ಸೆಗೆ 1 ಲಕ್ಷ, ವರ್ಷಕ್ಕೆ 2 ಲಕ್ಷ ರೂಪಾಯಿವರೆಗೆ ನಗದುರಹಿತ ಚಿಕಿತ್ಸೆ ಸಿಗುತ್ತಿತ್ತು.

ಇಷ್ಟು ಬೇಗ ಇಷ್ಟು ಜನ ಹೇಗೆ ಸೇರಿದರು? ವಿಮೆಯ ಏಜೆಂಟರು ಮನೆಮನೆ ಸುತ್ತಬೇಕಾಗಲಿಲ್ಲ. ಊರಿನ ಹಾಲು ಉತ್ಪಾದಕರ ಸಂಘ ಆಗಲೇ ಅಲ್ಲಿತ್ತು. ಬೆಳಿಗ್ಗೆ, ಸಂಜೆ ಡೇರಿಗೆ ಹಾಲು ಹಾಕುವ ಪ್ರತಿಯೊಬ್ಬರೂ ಕಾರ್ಯದರ್ಶಿಗೆ ಪರಿಚಿತರು. ಯಾರ ಮನೆಯಲ್ಲಿ ಎಷ್ಟು ಜನ ಎಂಬುದೂ ಅವರಿಗೆ ಗೊತ್ತು. ಜನ ನಂಬಿದ್ದು ಆ ಸಂಘವನ್ನು; ಸಂಘದ ಮೂಲಕ ಯೋಜನೆಯನ್ನು.

ಯೋಜನೆ ರೈತರ ಬದುಕನ್ನು ಹತ್ತಿರದಿಂದ ನೋಡಿತ್ತು ಎಂಬುದಕ್ಕೆ ಅದರ ಚಿಕಿತ್ಸಾ ಪಟ್ಟಿಯೇ ಸಾಕ್ಷಿ. ಸಾವಿರದ ಆರುನೂರಕ್ಕೂ ಹೆಚ್ಚು ಬಗೆಯ ಶಸ್ತ್ರಚಿಕಿತ್ಸೆಗಳ ಜೊತೆಗೆ ಹಾವು ಕಡಿತ, ನಾಯಿ ಕಡಿತ, ಎತ್ತು ತಿವಿದ ಗಾಯ, ಕರೆಂಟ್ ಹೊಡೆತ, ನೀರಿನಲ್ಲಿ ಮುಳುಗಿದ ಅಪಾಯ, ಹೊಲದ ಯಂತ್ರಕ್ಕೆ ಸಿಕ್ಕಿ ಆದ ಅಪಘಾತ ಇವೂ ಅದರಲ್ಲಿ ಸೇರಿದ್ದವು. ಎತ್ತು ತಿವಿದದ್ದಕ್ಕೂ ಚಿಕಿತ್ಸೆಯಿರುವ ಆರೋಗ್ಯ ಯೋಜನೆಯನ್ನು ಬರೆಯಬೇಕಾದರೆ ಹಳ್ಳಿಯ ಬದುಕು ಗೊತ್ತಿರಲೇಬೇಕು.

ಕೊರತೆಗಳೂ ಇದ್ದವು. ಔಷಧಿಯಿಂದಲೇ ವಾಸಿಯಾಗಬೇಕಾದ ಬಹುತೇಕ ಕಾಯಿಲೆಗಳು ಪಟ್ಟಿಯ ಹೊರಗಿದ್ದವು. ಅದಕ್ಕಿಂತ ದೊಡ್ಡ ಕೊರತೆ ಇನ್ನೊಂದು: ಹಸುವೂ ಇಲ್ಲದ, ಹೊಲವೂ ಇಲ್ಲದ ಕೂಲಿಕಾರರಲ್ಲಿ ಎಷ್ಟೋ ಜನ ಯಾವ ಸಂಘದ ಸದಸ್ಯರೂ ಆಗಿರಲಿಲ್ಲ.

ಅವರನ್ನು ತಲುಪಲು ಬಂದದ್ದು ವಾಜಪೇಯಿ ಆರೋಗ್ಯಶ್ರೀ. ನೆರೆಯ ಆಂಧ್ರದಲ್ಲಿ 2007ರಲ್ಲಿ ಆರಂಭವಾಗಿದ್ದ ರಾಜೀವ್ ಆರೋಗ್ಯಶ್ರೀಯ ದಾರಿ ಹಿಡಿದು, ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಮೂಲಕ 2010ರಲ್ಲಿ ಮೊದಲು ಕಲಬುರಗಿ ವಿಭಾಗದಲ್ಲಿ ಇದು ಜಾರಿಗೆ ಬಂತು. ಬಡತನ ರೇಖೆಗಿಂತ ಕೆಳಗಿನ, ಅಂದರೆ ಬಿಪಿಎಲ್ ಕುಟುಂಬದವರು ವಂತಿಗೆಯನ್ನೇ ಕಟ್ಟಬೇಕಿರಲಿಲ್ಲ. ಹೃದ್ರೋಗ, ಕ್ಯಾನ್ಸರ್, ನರರೋಗ, ಮೂತ್ರಪಿಂಡದ ಕಾಯಿಲೆ, ಸುಟ್ಟಗಾಯ, ನವಜಾತ ಶಿಶುಗಳ ಕಾಯಿಲೆ ಮುಂತಾದ ದುಬಾರಿ ಚಿಕಿತ್ಸೆಗೆ ಕುಟುಂಬಕ್ಕೆ ವರ್ಷಕ್ಕೆ ಒಂದೂವರೆ ಲಕ್ಷ, ಅಗತ್ಯ ಬಿದ್ದರೆ ಮತ್ತೆ 50,000 ರೂಪಾಯಿ ದೊರೆಯುತ್ತಿತ್ತು.

ಇದರಿಂದ ಜೀವ ಉಳಿಯಿತೇ? ಸರ್ಕಾರಿ ಯೋಜನೆಗಳ ವಿಷಯದಲ್ಲಿ ಈ ಪ್ರಶ್ನೆಗೆ ನೇರ ಉತ್ತರ ಸಿಗುವುದು ಅಪರೂಪ, ಇಲ್ಲಿ ಸಿಕ್ಕಿತು. ಯೋಜನೆ ಜಾರಿಯಾಗಿದ್ದ ಪ್ರದೇಶದ ಅಂಚಿನ 300 ಹಳ್ಳಿಗಳನ್ನೂ, ಅವುಗಳಿಗೆ ಹತ್ತಿರದಲ್ಲೇ ಇದ್ದು ಯೋಜನೆ ಇನ್ನೂ ತಲುಪಿರದ 272 ಹಳ್ಳಿಗಳನ್ನೂ ಸಂಶೋಧಕರು ಹೋಲಿಸಿದರು. ಅರವತ್ತು ಸಾವಿರ ಮನೆಗಳ ಸಮೀಕ್ಷೆ ಅದು. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಫಲಿತಾಂಶ ಪ್ರಕಟವಾಯಿತು. ಯೋಜನೆಯಲ್ಲಿದ್ದ ಕಾಯಿಲೆಗಳಿಂದ ಸಂಭವಿಸುವ ಸಾವು ಬಿಪಿಎಲ್ ಕುಟುಂಬಗಳಲ್ಲಿ ಶೇಕಡ 64ರಷ್ಟು ಕಡಿಮೆಯಾಗಿತ್ತು. ಆಸ್ಪತ್ರೆ ಸೇರಿದವರ ಕೈಯಿಂದ ಹೋಗುವ ಖರ್ಚು ಮೂರನೇ ಒಂದು ಭಾಗದಷ್ಟು ಇಳಿದಿತ್ತು. ಆ ರೇಖೆಗಿಂತ ಮೇಲಿದ್ದು ಯೋಜನೆಗೆ ಸೇರದ ಎಪಿಎಲ್ ಕುಟುಂಬಗಳಲ್ಲಿ ಇಂಥ ವ್ಯತ್ಯಾಸ ಕಾಣಲಿಲ್ಲ.

ಈ ಯೋಜನೆಯಲ್ಲಿ ಆಸ್ಪತ್ರೆಗಳೇ ಹಳ್ಳಿಗಳ ಕಡೆಗೆ ಬಂದು ಆರೋಗ್ಯ ಶಿಬಿರ ನಡೆಸುತ್ತಿದ್ದವು ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಎದೆನೋವನ್ನು ಗ್ಯಾಸ್ಟ್ರಿಕ್ ಎಂದುಕೊಂಡು ಸುಮ್ಮನಿದ್ದವರಿಗೆ ಕಾಯಿಲೆ ಏನೆಂದು ಗೊತ್ತಾಗುತ್ತಿದ್ದದ್ದು ಅಲ್ಲಿ. ಮುಂದೆ ಯಾವ ಊರಿನ ಯಾವ ಆಸ್ಪತ್ರೆಗೆ ಹೋಗಬೇಕೆಂಬ ದಾರಿಯೂ ಅಲ್ಲೇ ತಿಳಿಯುತ್ತಿತ್ತು.

ಮುಂದಿನ ವರ್ಷಗಳಲ್ಲಿ ಯೋಜನೆಗಳ ಪಟ್ಟಿ ಬೆಳೆಯುತ್ತಾ ಹೋಯಿತು. ಎಪಿಎಲ್ ಕುಟುಂಬಗಳಿಗೆ ರಾಜೀವ್ ಆರೋಗ್ಯ ಭಾಗ್ಯ, ಸರ್ಕಾರಿ ನೌಕರರಿಗೆ ಜ್ಯೋತಿ ಸಂಜೀವಿನಿ, ರಸ್ತೆ ಅಪಘಾತದ ಗಾಯಾಳುಗಳಿಗೆ ಮೊದಲ 48 ಗಂಟೆಗಳ ಚಿಕಿತ್ಸೆ ಕೊಡಿಸುವ ಸಾಂತ್ವನ. ಯಾವುದು ಯಾರಿಗೆ ಎಂಬುದು ರೋಗಿಗೆ ಗೊತ್ತಾಗುವಷ್ಟರಲ್ಲಿ ಹೊತ್ತು ಮೀರುತ್ತಿತ್ತು.

2018ರ ಮಾರ್ಚ್‌ನಲ್ಲಿ ಸಿದ್ದರಾಮಯ್ಯ ಸರ್ಕಾರ ಇವುಗಳಲ್ಲಿ ಹೆಚ್ಚಿನವನ್ನು ಒಟ್ಟುಗೂಡಿಸಿ ಆರೋಗ್ಯ ಕರ್ನಾಟಕ ಆರಂಭಿಸಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಕೇಂದ್ರದ ಆಯುಷ್ಮಾನ್ ಭಾರತ್ ಇದರೊಂದಿಗೆ ಸೇರಿತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಪೂರ್ತಿ ಉಚಿತ ಚಿಕಿತ್ಸೆ. ಎಪಿಎಲ್ ಕುಟುಂಬಕ್ಕೆ ನಿಗದಿತ ದರದ ಶೇಕಡ 30ರಷ್ಟನ್ನು ಸರ್ಕಾರ ಭರಿಸುತ್ತದೆ, ಅದರ ಮಿತಿ ವರ್ಷಕ್ಕೆ ಒಂದೂವರೆ ಲಕ್ಷ. ಆರಂಭದ ಪಟ್ಟಿಯಲ್ಲಿ 1,650 ಚಿಕಿತ್ಸೆಗಳಿದ್ದವು, ಅವುಗಳಲ್ಲಿ 169 ತುರ್ತು ಚಿಕಿತ್ಸೆಗಳು. ಯಶಸ್ವಿನಿ ಆ ವರ್ಷವೇ ನಿಂತುಹೋಯಿತು. ಸಹಕಾರಿಗಳು ಅದನ್ನು ಮರೆಯಲಿಲ್ಲ. ಅವರ ಒತ್ತಾಯದ ನಂತರ 2023ರ ಜನವರಿಯಿಂದ ಅದು ಮತ್ತೆ ಜಾರಿಗೆ ಬಂತು. ನಾಲ್ಕು ಜನರ ಗ್ರಾಮೀಣ ಕುಟುಂಬಕ್ಕೆ 500 ರೂಪಾಯಿ ವಂತಿಗೆ, 5 ಲಕ್ಷದವರೆಗೆ ಚಿಕಿತ್ಸೆ.

ಆರೋಗ್ಯ ಕರ್ನಾಟಕದಲ್ಲಿ ಜನ ಎಡವುವುದು ಶಿಫಾರಸು ಪತ್ರದ ಬಳಿ. ಸಾಮಾನ್ಯ ಚಿಕಿತ್ಸೆ ಸರ್ಕಾರಿ ಆಸ್ಪತ್ರೆಯಲ್ಲೇ ಆಗಬೇಕು. ಅಲ್ಲಿ ಸಾಧ್ಯವಾಗದ ದೊಡ್ಡ ಚಿಕಿತ್ಸೆಗೆ ಮಾತ್ರ ವೈದ್ಯರು ಪತ್ರ ಬರೆದು ನೋಂದಾಯಿತ ಖಾಸಗಿ ಆಸ್ಪತ್ರೆಗೆ ಕಳಿಸುತ್ತಾರೆ. ಪತ್ರವಿಲ್ಲದೆ ನೇರವಾಗಿ ಖಾಸಗಿ ಆಸ್ಪತ್ರೆ ಸೇರಿ, ಡಿಸ್ಚಾರ್ಜ್ ದಿನ ಕೌಂಟರಿನಲ್ಲಿ ಯೋಜನೆಯ ಆರೋಗ್ಯ ಕಾರ್ಡ್ ಚಾಚಿದರೆ ಉಪಯೋಗವಿಲ್ಲ. ಆದರೆ ಹೃದಯಾಘಾತ, ತಲೆಗೆ ಬಿದ್ದ ಪೆಟ್ಟಿನಂಥ ತುರ್ತಿನಲ್ಲಿ ಪತ್ರ ಬೇಕಿಲ್ಲ. ಈ ಒಂದು ವಾಕ್ಯವನ್ನು ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಬರೆಸಬೇಕು.

ದಾಖಲಾಗದೆ ಹೊರರೋಗಿಯಾಗಿ ಪಡೆಯುವ ಚಿಕಿತ್ಸೆ, ತಿಂಗಳುಗಟ್ಟಲೆ ನುಂಗುವ ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆ ಇವು ಈ 5 ಲಕ್ಷದಲ್ಲಿ ಬರುವುದಿಲ್ಲ. ಅವಕ್ಕೆ ಪ್ರಾಥಮಿಕ ಆರೋಗ್ಯ ಕೇಂದ್ರವೇ ಗತಿ. ಆ ಕೇಂದ್ರದಲ್ಲಿ ವೈದ್ಯರಿಲ್ಲದಿದ್ದರೆ, ಮಾತ್ರೆ ಮುಗಿದಿದ್ದರೆ, ಇಂದಿನ ಬಿ.ಪಿ. ನಾಳೆ ಪಾರ್ಶ್ವವಾಯುವಾಗಿ ಇದೇ ಯೋಜನೆಯ ಹಾಸಿಗೆಗೆ ಬರುತ್ತದೆ. ಕಾಯಿಲೆಯನ್ನು ಮೊದಲೇ ಗುರುತಿಸಲು ಹಳ್ಳಿಯ ಶಿಬಿರ ಎಷ್ಟು ಮುಖ್ಯ ಎಂಬುದಕ್ಕೆ ಆರೋಗ್ಯಶ್ರೀ ಕಾಲದ ಕಲಬುರಗಿ ಭಾಗದ ಅನುಭವ ಕಣ್ಣಮುಂದಿದೆ. ಕಾರ್ಡ್ ಹಂಚುವ ಕೆಲಸಕ್ಕೆ ಕೊಟ್ಟ ಗಮನವನ್ನು ಸರ್ಕಾರ ಹಳ್ಳಿಯ ಶಿಬಿರಗಳಿಗೂ ಕೊಡಬೇಕು.

ಕೇಳುಗರಲ್ಲಿ ಒಂದು ವಿನಂತಿ. ಮನೆಯ ಪಡಿತರ ಚೀಟಿಯಲ್ಲಿ ಎಲ್ಲರ ಹೆಸರಿದೆಯೇ, ಅದು ಆಧಾರ್‌ನ ಹೆಸರಿಗೆ ಹೊಂದುತ್ತದೆಯೇ ಎಂದು ಈಗಲೇ ನೋಡಿಕೊಳ್ಳಿ. ಆಸ್ಪತ್ರೆಗೆ ಹೋದಾಗ, ಯೋಜನೆಯ ರೋಗಿಗಳಿಗೆ ದಾರಿ ತೋರಲು ಅಲ್ಲಿರುವ ಆರೋಗ್ಯಮಿತ್ರರನ್ನು ಮೊದಲು ಕೇಳಿ, ಹಣ ಕಟ್ಟುವುದು ಆಮೇಲಾಗಲಿ.