ನಮ್ಮ ಮೈಯೊಳಗಿನ ನೀರುಗಂಟಿ

(ಬೇಸಿಗೆಗೆ ಮುಂಚೆ ರೈತರ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಬೀಜ, ಗೊಬ್ಬರದ ಮಾತನ್ನು ಇಂದು ಪಕ್ಕಕ್ಕಿಟ್ಟು ಮೈಯ ಮಾತನ್ನು ಆಡುತ್ತೇನೆ. ಅದಕ್ಕೆ ಕಾರಣವುಂಟು. ಕಳೆದ ಬೇಸಿಗೆಯಲ್ಲಿ ಗೊಬ್ಬರದ ಗುಂಡಿ ತೋಡುವಾಗ, "ಇನ್ನೊಂದು ಮೊಳ ಆಗಲಿ, ಆಮೇಲೆ ಊಟ" ಎಂದು ಅವಸರ ಮಾಡಿದವನು ನಾನೇ. ಪರೀಕ್ಷೆ ಮುಗಿಸಿ ಊರಿಗೆ ಬಂದಿದ್ದ ಹುಡುಗನೊಬ್ಬ ನಡುಹಗಲಿನಲ್ಲಿ ಏನೇನೋ ತೊದಲಿ ಕುಸಿದುಬಿದ್ದ. ಗಾಳಿ ಸೋಕಿತೆಂದರು ಕೆಲವರು. ಒಬ್ಬ ಅಜ್ಜಿ ಮಾತ್ರ ಅವನನ್ನು ಹೊಂಗೆಯ ನೆರಳಿಗೆ ತರಿಸಿ, ಕೊಡದ ನೀರನ್ನೆಲ್ಲ ಮೈಮೇಲೆ ಸುರಿಸಿದರು. ಕೂಡಲೇ ಆಸ್ಪತ್ರೆಗೆ ಒಯ್ದೆವು. ಹುಡುಗ ಉಳಿದ.

ಅವನಿಗೆ ಆದುದೇನು? ಮಾಗಿಯ ಚಳಿಯಿರಲಿ, ಚೈತ್ರದ ಬಿಸಿಲಿರಲಿ, ನಮ್ಮ ಮೈಯೊಳಗಿನ ಶಾಖ ಸುಮಾರು 37 ಡಿಗ್ರಿ ಸೆಲ್ಸಿಯಸ್, ಎಂದರೆ 98.6 ಡಿಗ್ರಿ ಫ್ಯಾರನ್‌ಹೀಟ್, ಆಸುಪಾಸಿನಲ್ಲೇ ಇರಬೇಕು. ಒಳಗಿನ ಈ ಸಮತೋಲಕ್ಕೆ ಅಮೆರಿಕದ ವಾಲ್ಟರ್ ಕ್ಯಾನನ್ ಎಂಬ ವಿಜ್ಞಾನಿ 1926ರಲ್ಲಿ ಹೋಮಿಯೊಸ್ಟಾಸಿಸ್ ಎಂಬ ಹೆಸರಿಟ್ಟರು. ಕೆರೆಯ ತೂಬನ್ನು ಕಾಯುವ ನೀರುಗಂಟಿಯಂತೆ, ಮಿದುಳಿನ ಬುಡದಲ್ಲಿರುವ ಒಂದು ಸಣ್ಣ ಭಾಗ ಈ ಶಾಖವನ್ನು ಕಾಯುತ್ತದೆ.

ಮೈ ಕಾದರೆ ಅದು ಚರ್ಮದ ರಕ್ತನಾಳಗಳನ್ನು ಅಗಲಿಸಿ, ಒಳಗಿನ ಕಾವನ್ನು ಹೊರಕ್ಕೆ ತರುತ್ತದೆ, ಬೆವರನ್ನು ಹರಿಸುತ್ತದೆ. ಮಣ್ಣಿನ ಮಡಕೆಯಿಂದ ಜಿನುಗಿದ ನೀರು ಆರಿದಂತೆ ಒಳಗಿನ ನೀರು ತಣ್ಣಗಾಗುವುದಿಲ್ಲವೆ? ಬೆವರು ಆರಿದಾಗ ನಮ್ಮ ಮೈಯೂ ಹಾಗೆಯೇ ತಂಪಾಗುತ್ತದೆ. ಸೆಕೆಯ ದಿನ ಬೆವರು ಬೇಗ ಆರದು. ಆಗ ಅಪಾಯ ಹೆಚ್ಚು.

ಬಿಸಿಲಿನಲ್ಲಿ ಬಿರುಸಾಗಿ ದುಡಿಯುವವನ ಮೈಯಿಂದ ಗಂಟೆಗೆ ಒಂದು ಲೀಟರಿನಷ್ಟು ಬೆವರು ಹೋಗಬಹುದು. ಜೊತೆಗೆ ಉಪ್ಪೂ ಹೋಗುತ್ತದೆ. ನೀರು ತಗ್ಗಿದರೆ ಬಾಯಾರಿಕೆಯಾಗುತ್ತದೆ. ಮೂತ್ರಪಿಂಡಗಳು ನೀರನ್ನು ಹಿಡಿದಿಡುವುದರಿಂದ ಮೂತ್ರ ಗಾಢ ಹಳದಿಯಾಗುತ್ತದೆ. ಆದರೆ ಕೆರೆಯೇ ಬತ್ತಿದರೆ ನೀರುಗಂಟಿ ಏನು ಮಾಡಿಯಾನು?

ಆದುದರಿಂದ ಕೆಲವು ಮಾತು ನೆನಪಿಡಿ. ಬೆಳಗಿನ ತಂಪಿನಲ್ಲೇ ಕಷ್ಟದ ಕೆಲಸ ಮುಗಿಸಿ. ಬಾಯಾರುವ ತನಕ ಕಾಯದೆ ಆಗಾಗ ನೀರು ಕುಡಿಯಿರಿ. ಉಪ್ಪು ಹಾಕಿದ ಮಜ್ಜಿಗೆ, ರಾಗಿ ಅಂಬಲಿ ಒಳ್ಳೆಯವು. ರಕ್ತದೊತ್ತಡವಿರುವವರು ಉಪ್ಪಿನ ವಿಷಯದಲ್ಲಿ ವೈದ್ಯರನ್ನು ಕೇಳಿ. ಬಿಸಿಲಿಗೆ ಹೊಸಬರಾದವರಿಗೆ ಮೈ ಒಗ್ಗಲು ಒಂದೆರಡು ವಾರ ಬೇಕು. ಅವರಿಗೆ ಮೊದಲು ಕಡಿಮೆ ಕೆಲಸ ಕೊಡಿ. ಆ ಹುಡುಗನ ವಿಷಯದಲ್ಲಿ ನಾನು ಮರೆತದ್ದು ಇದನ್ನೇ.

ಮೈ ಕೆಂಡದಂತೆ ಸುಟ್ಟು, ಮಾತು ತಪ್ಪಿದರೆ ಅದು ಬಿಸಿಲಾಘಾತ; ಮೈ ಬೆವರುತ್ತಿದ್ದರೂ ಉದಾಸೀನ ಬೇಡ. ಒಳಗಿನ ಶಾಖ 40 ಡಿಗ್ರಿ ದಾಟಿದರೆ ಪ್ರಾಣಕ್ಕೇ ಅಪಾಯ. ತಡಮಾಡದೆ ನೆರಳಿಗೆ ತನ್ನಿ, ಬಟ್ಟೆ ಸಡಿಲಿಸಿ, ಮೈಮೇಲೆ ನೀರು ಸುರಿದು ಗಾಳಿ ಬೀಸಿ, 108ಕ್ಕೆ ಫೋನ್ ಮಾಡಿ. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ನೀರು ಹಾಕಬೇಡಿ.

ಬಿಸಿಲೇರಿದರೆ ನಾವು ಎತ್ತಿನ ನೊಗ ಇಳಿಸಿ ನೀರಿಗೆ ಬಿಡುತ್ತೇವೆ. ಆ ದಯೆಯನ್ನು ನಮ್ಮ ಮಕ್ಕಳಿಗೂ ಆಳುಗಳಿಗೂ ತೋರಿಸೋಣ. ಗುಂಡಿಯನ್ನು ನಾಳೆಯೂ ತೋಡಬಹುದು.